ಕೊಲಂಬೊದಲ್ಲಿ ಅವ್ವ ಗೌನು ತೊಟ್ಟ ದಿನ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ ನಡೆದದ್ದು. ನನಗಾಗ ಹನ್ನೊಂದು ವರ್ಷ. ನಮ್ಮದು ಕುಂದಾಣದ ಹತ್ತಿರ ಒಂದು ಹಳ್ಳಿ, ಬೇಸಾಯದ ಮನೆ. ನನ್ನ ಅಕ್ಕನನ್ನು ಕೊಲಂಬೊದ ಚಹಾ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದವರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಾದವಳು ಹಡಗು ಹತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ಅಲ್ಲೇ ಉಳಿದಳು. ಅವ್ವ ಹಟ ಹಿಡಿದಳು: “ಅವಳು ಬರಾಕಾಗ್ದಿದ್ರೆ ನಾವೇ ಹೋಗಾನ.”

“ರಾವಣನ ಊರಿಗಾ ಹೊರಟಿದ್ದು?” ಎಂದು ಊರವರು ಬಾಯಿ ಬಿಟ್ಟುಕೊಂಡು ಕೇಳಿದರು. ರೈಲು, ಹಡಗು, ಮತ್ತೆ ರೈಲು ಹತ್ತಿ ಅಂತೂ ತಲುಪಿದೆವು.

ಗಂಡುಮಗು ಹುಟ್ಟಿತು. ಬಾಣಂತನದ ಗಡಿಬಿಡಿ ಒಂದಿಷ್ಟು ಇಳಿದ ಮೇಲೆ ಅಕ್ಕ ಅಂದಳು, “ಇಷ್ಟು ದೂರ ಬಂದು ಒಲೆ ಮುಂದೇನೇ ಕೂತು ಹೋಗ್ತೀಯೇನವ್ವಾ? ಇವತ್ತು ಪಕ್ಕದ ಮನೆಯೋರು ನನ್ನ ಜೊತೆ ಇರ್ತಾರೆ, ಊರು ನೋಡ್ಕೊಂಡು ಬನ್ನಿ.”

ಭಾವನಿಗೆ ರಜೆ ಇರಲಿಲ್ಲ. “ಯಾರನ್ನಾದ್ರೂ ಜೊತೆಗೆ ಕಳಿಸ್ಲಾ ಮಾವ?” ಎಂದರು.

“ಬೆಂಗಳೂರು ದಂಡಿನಲ್ಲಿ ಒಬ್ಬನೇ ತಿರುಗ್ದೋನು ಕಣಪ್ಪಾ ನಾನು. ಇದೇನ್ ಮಹಾ!” ಅಂದರು ಅಪ್ಪ. ಪಂಚೆಯ ಮೇಲೆ ಕರಿ ಕೋಟು ಹಾಕಿ, ಪೇಟ ಸುತ್ತಿ, ಐದು ವರ್ಷದ ನನ್ನ ತಮ್ಮನ ಕೈಹಿಡಿದು ಮುಂದೆ ನಡೆದೇಬಿಟ್ಟರು.

ಟ್ರಾಮ್ ಹತ್ತಿದೆವು. ಅಪ್ಪ ಒಂದು ಕಡೆ ಇಳಿಯಬೇಕೆಂದುಕೊಂಡರೆ ಅದು ಇನ್ನೆಲ್ಲೋ ಇಳಿಸಿತು. ಹೆಂಗಸರ ಹಾಗೆ ತುರುಬು ಕಟ್ಟಿ ತಲೆಗೆ ಬಾಚಣಿಗೆ ಸಿಕ್ಕಿಸಿಕೊಂಡ ಮುದುಕರನ್ನು ನೋಡಿ ತಮ್ಮ ಕಿಸಕ್ಕೆಂದು ನಕ್ಕು, ಅವ್ವನಿಂದ ಚಿವುಟಿಸಿಕೊಂಡ. ದಾರಿ ತಪ್ಪಿದ್ದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಮಾತ್ರ ಒಪ್ಪಲಿಲ್ಲ. ನಡೆದೂ ನಡೆದೂ ಕೊನೆಗೆ ದೊಡ್ಡ ಬಯಲೊಂದರ ಆಚೆ ಸಮುದ್ರ ಕಂಡಿತು.

ಹಡಗಿನಲ್ಲಿ ಅವ್ವ ತಲೆ ಸುತ್ತಿ ಕಣ್ಣು ಮುಚ್ಚಿಯೇ ಮಲಗಿದ್ದಳು. ಸಮುದ್ರವನ್ನು ಸರಿಯಾಗಿ ಕಂಡದ್ದು ಆಗಲೇ. ಅಪ್ಪ, ತಮ್ಮ ಕಡಲೆಕಾಯಿ ತರಲು ಹೋದರು. “ಗಂಗಮ್ಮನ್ನ ಮುಟ್ಟಿ ಕಣ್ಣಿಗೊತ್ಕೊಂಡು ಬತ್ತೀನಿ, ಇಲ್ಲೇ ಇರು” ಎಂದು ಅವ್ವ ನೀರಿನ ಕಡೆಗಿದ್ದ ಮೆಟ್ಟಿಲು ಇಳಿದಳು. ಮೊದಲ ಅಲೆ ಪಾದ ನೆನೆಸಿತು. ಚಿಕ್ಕ ಹುಡುಗಿಯಂತೆ ನನ್ನ ಕಡೆ ತಿರುಗಿ ನಕ್ಕಳು. ಬಗ್ಗಿ ಬೊಗಸೆ ಒಡ್ಡುವಷ್ಟರಲ್ಲಿ ಇನ್ನೊಂದು ದೊಡ್ಡ ಅಲೆ ಬಂದು ಅವಳನ್ನು ಬೀಳಿಸಿತು. ಪಾಚಿಯ ಮೇಲೆ ಜಾರಿದಳು. ಸೀರೆ ಕಾಲಿಗೆ ಸುತ್ತಿಕೊಂಡು ಏಳಲಾಗಲಿಲ್ಲ. ಸೊಂಟದವರೆಗೆ ನೀರಿನಲ್ಲಿ, ಎರಡೂ ಕೈಯಲ್ಲಿ ಕಲ್ಲು ತಬ್ಬಿಕೊಂಡಿದ್ದಳು. ನಾನು “ಅಪ್ಪಾ” ಎಂದು ಕಿರುಚಿದೆ.

ಓಡಿ ಬಂದದ್ದು ಅಪ್ಪನಲ್ಲ, ಗೌನು ತೊಟ್ಟ ದಪ್ಪನೆಯ ಹೆಂಗಸು. ಬಣ್ಣ ನಮ್ಮ ಹಾಗೇ ಕಂದು. ಕೊಡೆ ಬಿಸಾಕಿ, ಮೆಟ್ಟಿಲ ಮೇಲೆ ಬೋರಲು ಮಲಗಿ ಅವ್ವನ ಮಣಿಕಟ್ಟು ಹಿಡಿದಳು. ನನಗೇನೋ ಕೂಗಿ ಹೇಳಿ ತನ್ನ ಕಾಲು ತೋರಿಸಿದಳು. ನಾನು ಹೋಗಿ ಅವಳ ಕಾಲಿನ ಮೇಲೆ ಕೂತು ಬಿಗಿಯಾಗಿ ಹಿಡಿದುಕೊಂಡೆ. ಮತ್ತೊಂದು ಅಲೆ ನಮ್ಮೆಲ್ಲರ ಮೇಲೂ ಹಾಯಿತು. ಆಕೆ ಕೈ ಬಿಡಲಿಲ್ಲ. ನೀರು ಹಿಂದೆ ಸರಿದಾಗ ಜೋರಾಗಿ ಎಳೆದಳು. ಅಷ್ಟರಲ್ಲಿ ಅಪ್ಪ ಬಂದು ಇಬ್ಬರನ್ನೂ ಮೇಲಕ್ಕೆತ್ತಿದರು.

ಆಕೆಯ ಮನೆ ಅಲ್ಲೇ ಹಿಂದಿನ ಬೀದಿಯಲ್ಲಿತ್ತು. ಅಪ್ಪ, ತಮ್ಮ ಜಗಲಿಯಲ್ಲಿ ಕೂತರು. ಅವ್ವ ಗಡಗಡ ನಡುಗುತ್ತಿದ್ದಳು. ಆ ಮನೆಯಲ್ಲಿ ಸೀರೆಯೇ ಇಲ್ಲ! ಒದ್ದೆ ಸೀರೆ ಒಣಗುವವರೆಗೆ ಅವ್ವ ಆಕೆಯ ಹೂವಿನ ಗೌನು ತೊಡಬೇಕಾಯಿತು. ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಿಗೆ ಬಂದಳು. ಅಪ್ಪ ತಟ್ಟನೆ ಎದ್ದು ಕೈಮುಗಿದು “ಗುಡ್ ಮಾರ್ನಿಂಗ್” ಅಂದರು.

“ಅಯ್ಯೋ, ನಾನು ಕಣ್ರೀ!” ಎಂದಳು ಅವ್ವ. ಮೊದಲು ನಕ್ಕದ್ದು ಆ ಮನೆಯಾಕೆ. ಆಮೇಲೆ ಎಲ್ಲರೂ ನಕ್ಕೆವು. ನಗುತ್ತ ನಗುತ್ತಲೇ ಅವ್ವ ಅಳಲು ಶುರುಮಾಡಿದಳು. ಆಕೆ ಪಕ್ಕದಲ್ಲಿ ಕೂತು ಬೆನ್ನು ಸವರಿ ಚಹಾ ಕೊಟ್ಟಳು. ನೆಂಟರಲ್ಲದವರ ಮನೆಯಲ್ಲಿ ನೀರೂ ಮುಟ್ಟದ ಅವ್ವ ಲೋಟ ಖಾಲಿ ಮಾಡಿದಳು.

ಸಂಜೆಯ ಹೊತ್ತಿಗೆ ಸೀರೆ ಒಣಗಿತು. ಆಕೆಯೇ ಇಸ್ತ್ರಿ ಮಾಡಿ ಕೊಟ್ಟಳು. ಹೊರಡುವಾಗ ಅಪ್ಪ “ಥ್ಯಾಂಕ್ ಯು” ಅಂದರು.

“ಅಷ್ಟೇನಾ?” ಎಂದಳು ಅವ್ವ.

“ಅವರ ಭಾಷೇಲಿ ಅಷ್ಟೇ ಕಣೇ ಹೇಳೋದು.”

“ಹಂಗಾದ್ರೆ ನಾನೇ ಹೇಳ್ತೀನಿ.” ಅವ್ವ ಆಕೆಯ ಎರಡೂ ಕೈ ಹಿಡಿದುಕೊಂಡಳು. “ನನ್ ಮಕ್ಳು ತಬ್ಬಲಿಗಳಾಗ್ದಂಗೆ ಮಾಡ್ದೆ ಕಣವ್ವಾ. ಯಾವ ಜನ್ಮದಲ್ಲಿ ನನ್ ಒಡಹುಟ್ಟಿದೋಳೋ ಕಾಣೆ. ನಿನ್ ಹೊಟ್ಟೆ ತಣ್ಣಗಿರ್ಲಿ” ಎಂದು ಶುರುಮಾಡಿ, ಮಗಳ ಹೆರಿಗೆ, ಹಡಗು, ಊರು ಎಲ್ಲ ಹೇಳಿದಳು. ಆಕೆ ನಡುವೆ ಬಾಯಿ ಹಾಕದೆ ಕಡೆಯವರೆಗೂ ಕೇಳಿಸಿಕೊಂಡಳು. ಆಮೇಲೆ ನನ್ನ, ತಮ್ಮನ ತಲೆ ಮುಟ್ಟುತ್ತ ತನ್ನ ಭಾಷೆಯಲ್ಲಿ ಅಷ್ಟೇ ಹೊತ್ತು ಮಾತಾಡಿದಳು. ಅವ್ವ ತಲೆದೂಗುತ್ತ ಕೇಳಿದಳು.

ಆಕೆಯ ಹೆಸರು ಕೇಳಲು ನಮಗೆ ಯಾರಿಗೂ ತೋಚಲಿಲ್ಲ. ನನಗೆ ಅವ್ವ ಇನ್ನೂ ಎಷ್ಟೋ ವರ್ಷ ಉಳಿದದ್ದು ಆಕೆಯಿಂದ. ನನ್ನ ಮದುವೆ ಮಾಡಿದಳು, ನನ್ನ ಮಕ್ಕಳಿಗೆ ಎಣ್ಣೆ ನೀರು ಹಾಕಿದಳು. ಅವಳು ಬದುಕಿದ್ದಾಗ ನಾನು ಆಗಾಗ ಕೇಳುತ್ತಿದ್ದೆ, “ಆಯಮ್ಮ ಅವತ್ತು ಏನು ಹೇಳಿದ್ರವ್ವಾ?”

ಅವ್ವನಿಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. “ಮಕ್ಳು ಜೋಪಾನ ಅಂದ್ರು ಕಣೇ” ಎನ್ನುತ್ತಿದ್ದಳು. ನನಗೂ ಅನುಮಾನವಿಲ್ಲ.