ರೇಡಿಯೊದಲ್ಲಿ ಕೇಳಿದ ಏಟು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಅಪ್ಪ ಕಲ್ಲು ಕ್ವಾರಿಯಲ್ಲಿ ಸುತ್ತಿಗೆ ಬೀಸಿದವರು. ಹಾಸ್ಟೆಲ್‌ನ ನೀರು ಸಾರು ಕುಡಿದು ಓದಿ ಇಂಜಿನಿಯರ್ ಆದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಷ್ಟು ಕಷ್ಟಪಟ್ಟು ಗಳಿಸಿದ ಬುದ್ಧಿಯನ್ನು ದೆವ್ವ, ಶಕುನಗಳ ಕೈಗೆ ಕೊಡಲು ನಾನು ತಯಾರಿರಲಿಲ್ಲ. ಯಾರಾದರೂ ಇಂಥ ಕತೆ ಹೇಳಿದರೆ ಎದುರಿಗೇ ನಗುತ್ತಿದ್ದೆ. ಈಗ ನೀವು ನಕ್ಕರೆ ನನಗೆ ಬೇಸರವಿಲ್ಲ.

ಕೋವಿಡ್ ಇಳಿದು ಮೈದಾನಗಳು ತೆರೆದಿದ್ದ ಬೇಸಿಗೆ ಅದು. ಅಮೆರಿಕದ ಜಾರ್ಜಿಯಾದಲ್ಲಿ, ಕಮ್ಮಿಂಗ್ ಊರಿನ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ನನ್ನ ಮಗಳು ತಾರಾಗೆ ಪಕ್ಕದ ಮನೆಯ ಇಮ್ತಿಯಾಜ್ ಬೇಸ್‌ಬಾಲ್ ಪ್ರಾಕ್ಟೀಸ್ ಮಾಡಿಸುತ್ತಿದ್ದ. ಮೈಸೂರಿನ ಗಲ್ಲಿಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು. ಅವನು ಹೇಳಿಕೊಡುತ್ತಿದ್ದದ್ದೂ ಅದೇ: ಮುಂಗಾಲು ಚಾಚು, ತಲೆಯನ್ನು ಚೆಂಡಿನ ಮೇಲೆ ತಾ. ಬೇಸ್‌ಬಾಲ್‌ನ ಕಲ್ಲಿನಂಥ ಚೆಂಡು ನೆಲಕ್ಕೆ ಬಡಿದು ಏಳುವುದಿಲ್ಲ, ನೇರ ಮೈಮೇಲೆ ನುಗ್ಗುತ್ತದೆ. ಗೊತ್ತಿದ್ದೂ ಅದು ನಮ್ಮ ತಲೆಗೆ ಹೋಗಿರಲಿಲ್ಲ.

"ಹೆಲ್ಮೆಟ್ ಯಾಕೆ ಪುಟ್ಟಾ, ಯುದ್ಧಕ್ಕೆ ಹೊರಟಿದೀವಾ? ನಾನು ಮೆಲ್ಲಗೆ ಹಾಕ್ತೀನಿ," ಎಂದ ಇಮ್ತಿಯಾಜ್.

"ಅಂಕಲ್, ಇಟ್ಸ್ ದ ರೂಲ್!" ಎಂದಳು ತಾರಾ. ಆದರೂ ಸೆಕೆಗೆ ಬಿಚ್ಚಿಟ್ಟಳು.

ನಾನು ನೀರು ತರಲು ಕಾರು ಹತ್ತಿದೆ. ಸ್ಟಾರ್ಟ್ ಮಾಡುತ್ತಲೇ ರೇಡಿಯೊ ಗೊರಗುಟ್ಟಿ ಒಂದು ಮ್ಯಾಚ್‌ನ ಕಾಮೆಂಟರಿ ಶುರುವಾಯಿತು. ಹಳೆಯ ಕಾಲದ ಇಂಗ್ಲಿಷ್, ಹಳೆಯ ಕಾಲದ ಗಂಟಲು. ಕೆರೊಲಿನಾದ ಯಾವುದೋ ಊರು. ಬಿಳಿಯರ ಪ್ರೊಫೆಷನಲ್ ಟೀಮಿನಲ್ಲಿ ಮೊದಲ ಸಲ ಒಬ್ಬ ಕಪ್ಪು ಆಟಗಾರ. ಕಪ್ಪು ಜನಕ್ಕೆ ಕೂರಲು ಬೇರೆಯೇ ಕಟ್ಟೆ. ಐವತ್ತರ ದಶಕದ ಯಾವುದೋ ರೆಕಾರ್ಡಿಂಗ್ ಹಾಕಿದ್ದಾರೆ ಎಂದುಕೊಂಡು ರಸ್ತೆಗಿಳಿದೆ.

ಜನ ಅವನನ್ನು ಬೈಯುತ್ತಿದ್ದ ರೀತಿಯನ್ನು ಇಲ್ಲಿ ಬರೆಯಲಾರೆ. ಬಾಟಲಿಗಳು ಒಡೆಯುತ್ತಿದ್ದವು. ಒಂದು ಚೆಂಡು ಅವನ ಗದ್ದ ಸವರಿಕೊಂಡು ಹೋಯಿತು, ಜನ ಕೇಕೆ ಹಾಕಿದರು. ಮುಂದಿನದಕ್ಕೆ ಅವನು ತಲೆ ಮುಂದೆ ಬಾಗಿಸಿದ. ಆಮೇಲೆ ಕೇಳಿದ್ದು ನನಗೆ ಬಾಲ್ಯದಿಂದ ಗೊತ್ತಿದ್ದ ಸದ್ದು: ಅಪ್ಪನ ಸುತ್ತಿಗೆಗೆ ಬಂಡೆ ಸೀಳುವ ಸದ್ದು. ಅವನು ಬಿದ್ದ, ಕಿವಿಯಿಂದ ರಕ್ತ ಬರುತ್ತಿದೆ ಎಂದ ಕಾಮೆಂಟೇಟರ್. ಬ್ಯಾಟು ಹಿಡಿದು ಎರಡೂ ಕಡೆಯವರು ನುಗ್ಗಿದರು. ಯಾರದೋ ಮೂಳೆ ಮುರಿಯಿತು, ಯಾರೋ ಕಿರುಚಿದರು. ಗ್ಯಾಲರಿಯಲ್ಲಿ ಚಪ್ಪಾಳೆ.

ನಂತರ ಅದೇ ಗಂಟಲು ತಣ್ಣಗೆ ಹೇಳಿತು: ಮುಂದಿನ ಬ್ಯಾಟರ್ ಎಡಗೈಯವಳು, ಒಬ್ಬ ಹುಡುಗಿ, ಹಳದಿ ಸಾಕ್ಸ್, ತಲೆ ಬರಿದು.

ತಾರಾ ಎಡಗೈಯವಳು. ಅವಳ ಸಾಕ್ಸ್ ಹಳದಿ.

ಕಾರು ಹೇಗೆ ತಿರುಗಿಸಿದೆನೋ ಗೊತ್ತಿಲ್ಲ. ಮೈದಾನಕ್ಕೆ ಓಡಿದಾಗ ಇಮ್ತಿಯಾಜ್ ಕೈ ಎತ್ತಿದ್ದ, ಮಗಳು ಮುಂಗಾಲು ಚಾಚಿ ತಲೆ ಬಾಗಿಸಿದ್ದಳು. ಅವಳನ್ನು ತಳ್ಳಿದೆ. ಅವಳ ತಲೆ ಇದ್ದ ಜಾಗದಲ್ಲಿ ನನ್ನ ದವಡೆ ಇತ್ತು. ಅದೇ ಸದ್ದು, ಈ ಸಲ ನನ್ನೊಳಗೆ. ಬಾಯಿ ತುಂಬ ರಕ್ತ, ಮುರಿದ ಹಲ್ಲು.

"ಅಣ್ಣಾ, ಅಲ್ಲಾನ ಆಣೆ, ಮಗುಗೆ ಎಸೆದಂಗೆ ಎಸೆದೆ," ಎಂದು ಇಮ್ತಿಯಾಜ್ ಆಸ್ಪತ್ರೆಯಲ್ಲಿ ಅಳುತ್ತಿದ್ದ. ಅವನು ಸುಳ್ಳು ಹೇಳುವವನಲ್ಲ. ಎಕ್ಸ್‌ರೇ ನೋಡಿದ ಡಾಕ್ಟರ್, ಚೆಂಡೆಸೆಯುವ ಯಾವ ಪ್ರೊಫೆಷನಲ್ ಪಿಚರ್ ಎದುರು ನಿಂತಿದ್ದಿರಿ ಎಂದು ಕೇಳಿದರು. ದವಡೆಗೆ ತಂತಿ ಬಿಗಿದು ಕಳಿಸಿದರು.

ಆ ಸ್ಟೇಷನ್ ಮತ್ತೆ ಸಿಗಲಿಲ್ಲ. ಅಂಥ ಮ್ಯಾಚ್‌ನ ಸುದ್ದಿಯೂ ಎಲ್ಲೂ ಸಿಗಲಿಲ್ಲ. ಸೆಕೆಯ ಭ್ರಮೆ ಎನ್ನೋಣವೆಂದರೆ, ಭ್ರಮೆ ದವಡೆ ಮುರಿಯುವುದಿಲ್ಲ. ನನ್ನ ಓದು ಇಲ್ಲಿಗೆ ನಿಲ್ಲುತ್ತದೆ.

ಅವತ್ತು ತಾರಾ ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದಳು. ರೇಡಿಯೊದ ಆ ಕಪ್ಪು ಆಟಗಾರ ಎದ್ದನೋ ಇಲ್ಲವೋ, ಕಾಮೆಂಟೇಟರ್ ಹೇಳುವ ಮೊದಲೇ ನಾನು ಕಾರಿನಿಂದ ಇಳಿದಿದ್ದೆ.