ಮೆಟ್ಟಿಲ ಮೇಲೆ ಕೂತು ನೋಡಿದ ಫೈನಲ್

ನಮ್ಮ ಮನೆಯವರು ಗಾಜು ಕತ್ತರಿಸುತ್ತಿದ್ದರು. ಕಿಟಕಿ ಗಾಜು, ಕಪಾಟಿನ ಗಾಜು, ಫೋಟೊ ಗಾಜು, ಕನ್ನಡಿ. ಬೀದಿಯ ತುದಿಯಲ್ಲಿ ಒಂದೇ ಬಾಗಿಲಿನ ಅಂಗಡಿ. ಇನ್ನೊಂದು ಕಸುಬು ಫುಟ್‌ಬಾಲ್. ಆಡುವುದಲ್ಲ, ನೋಡುವುದು. ಗಾಜಿನವನಿಗೆ ಫುಟ್‌ಬಾಲ್ ಹುಚ್ಚು ಎಂದರೆ ಬೀದಿಯವರು ಸುಮ್ಮನಿರುತ್ತಾರೆಯೇ? ಮಕ್ಕಳಿಗೆ ಬಾಲ್ ಕೊಡಿಸುವವನೂ ಇವನೇ, ಒಡೆದ ಕಿಟಕಿಗೆ ಗಾಜು ಹಾಕುವವನೂ ಇವನೇ ಎಂದು ಎದುರು ಬಾಗಿಲಿನ ದರ್ಜಿ ಆಡಿಕೊಳ್ಳುತ್ತಿದ್ದ. ಬಾಲ್ ಕೊಡಿಸಿದ್ದಂತೂ ನಿಜ.

ಊರಿನ ತಂಡದ್ದು ಹಸಿರು ಅಂಗಿ. ನಮ್ಮ ಮದುವೆಯಾದ ವರ್ಷ ಅದು ಫೈನಲ್‌ನಲ್ಲಿ ಸೋತಿತು. ಆಮೇಲೆ ಹದಿನಾಲ್ಕು ವರ್ಷ ಫೈನಲ್ ಮುಖವನ್ನೇ ನೋಡಲಿಲ್ಲ. ಸೋತಾಗಲೆಲ್ಲ ಅವರು ಒಂದು ಸಲ ಟಿವಿ ನೋಡುತ್ತಿದ್ದರು, ಒಂದು ಸಲ ನನ್ನ ಮುಖ ನೋಡುತ್ತಿದ್ದರು. ನಿನ್ನ ಕಾಲ್ಗುಣ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವತ್ತು ಊಟ ಸಿಗುತ್ತಿರಲಿಲ್ಲ.

ಮೂರು ಮಕ್ಕಳು, ಮೂರೂ ಹೆಣ್ಣು. ನೆಂಟರು ಬಂದು ಅಯ್ಯೋ ಮೂರೂ ಹೆಣ್ಣೇ ಎಂದು ಲೊಚಗುಟ್ಟಿದರೆ, ಹೌದು, ಹನ್ನೊಂದಾಗೋಕೆ ಇನ್ನೂ ಎಂಟು ಬೇಕು ಎನ್ನುತ್ತಿದ್ದರು. ನೆಂಟರು ಬಾಯಿ ಮುಚ್ಚುತ್ತಿದ್ದರು. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು.

ಚಿಕ್ಕವಳಿಗೆ ಆಗ ಆರು ವರ್ಷ. ಬೆಳಗಾದರೆ ದೂರು. ಅಕ್ಕ ಚಿವುಟಿದಳು, ದೊಡ್ಡಕ್ಕ ನನ್ನ ಚಮಚ ತಗೊಂಡಳು. ಅವರಿಗೆ ಸಾಕಾಯಿತು. ಒಂದು ಸೀಟಿ ತಂದು ಅವಳ ಕೊರಳಿಗೆ ಹಾಕಿದರು. ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಒಂದು ಹಳದಿ ಕಾರ್ಡು, ಒಂದು ಕೆಂಪು ಕಾರ್ಡು ಮಾಡಿದರು. ಗಾಜಿಗೆ ಮಾಡುವ ಹಾಗೆ ಮೂಲೆ ಉಜ್ಜಿ ನುಣ್ಣಗೆ ಮಾಡಿದರು. ಇವತ್ತಿಂದ ನೀನು ರೆಫ್ರಿ, ದೂರು ಹೇಳಬಾರದು, ಸೀಟಿ ಊದಬೇಕು ಎಂದರು. ದೂರು ನಿಂತಿತು. ಸೀಟಿ ಶುರುವಾಯಿತು. ಯಾವುದು ವಾಸಿ ಎಂದು ನಾನು ಈಗಲೂ ಹೇಳಲಾರೆ.

ಕಾನೂನೆಲ್ಲ ಅವರದ್ದೇ. ಮನೆಯೊಳಗೆ ಬಾಲ್ ಒದೆಯಬಾರದು. ಸುಳ್ಳು ಹೇಳಬಾರದು. ಕೈ ಮಾಡಬಾರದು. ಹಳದಿ ಎಂದರೆ ಎಚ್ಚರಿಕೆ. ಕೆಂಪು ಎಂದರೆ ಎದ್ದು ಹೊರಗೆ ಹೋಗಬೇಕು, ಜೊತೆಗೆ ಟಿವಿಯಲ್ಲಿ ಬರುವ ನಮ್ಮ ತಂಡದ ಮುಂದಿನ ಪಂದ್ಯ ನೋಡುವ ಹಾಗಿಲ್ಲ. ಆ ವರ್ಷವೇ ದೊಡ್ಡವಳು ತಂಗಿಯ ಜಡೆ ಎಳೆದು ಕೆಂಪು ತೆಗೆದುಕೊಂಡಳು. ಮುಂದಿನ ಪಂದ್ಯದ ದಿನ ಅಡುಗೆಮನೆಯಲ್ಲಿ ಕೂತು ಅತ್ತಳು. ಹನ್ನೆರಡು ವರ್ಷದ ಹುಡುಗಿ, ಪಾಪ ಅನ್ನಿಸಿತು. ಬಿಟ್ಟುಬಿಡಿ ಎಂದು ನಾನೇ ಹೇಳಿದೆ. ಅವರು ಕೇಳಲಿಲ್ಲ.

"ರೆಫ್ರಿ ತಪ್ಪು ಕೊಟ್ರೂ ಪರವಾಗಿಲ್ಲ. ಕೊಟ್ಟಿದ್ದನ್ನ ವಾಪಸ್ ತಗೊಂಡ ಅಂದ್ರೆ ಅವನು ಮೂರು ಕಾಸಿಗೆ ಬಾಳಲ್ಲ."

ಈ ಮಾತನ್ನು ಚಿಕ್ಕವಳು ಬಾಯಿಪಾಠ ಮಾಡಿಕೊಂಡಳು. ಮಗ್ಗಿ ಬರುತ್ತಿರಲಿಲ್ಲ, ಇದು ಬರುತ್ತಿತ್ತು.

ಆ ವರ್ಷ ಹಸಿರು ತಂಡ ಸೆಮಿಫೈನಲ್ ಗೆದ್ದಿತು. ಬುಧವಾರ ಗೆದ್ದಿತು, ಭಾನುವಾರ ಫೈನಲ್. ಹದಿನಾಲ್ಕು ವರ್ಷದ ಮೇಲೆ. ಅವರು ಅಂಗಡಿಯಲ್ಲಿ ಅಳತೆ ತಪ್ಪಿ ಎರಡು ಗಾಜು ಕತ್ತರಿಸಿದರು. ಆ ಕೈ ಅಳತೆ ತಪ್ಪಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ನಾನು ಹೆರಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗುತ್ತಿದ್ದೆ. ಗುರುವಾರ ಸಂಜೆ ಮನೆಗೆ ಬಂದೆ. ಮುಂದಿನ ಕೋಣೆಯಲ್ಲಿ ನಮ್ಮ ಕಪಾಟಿದೆ, ಬಾಗಿಲಿಗೆ ನಾಲ್ಕು ಗಾಜು. ಮೂರು ಗಾಜಿನ ಮೇಲೆ ಹದಿನಾಲ್ಕು ವರ್ಷದ ಒಲೆಯ ಹೊಗೆ. ನಾಲ್ಕನೆಯದು ಫಳಫಳ ಹೊಳೆಯುತ್ತಿದೆ. ಒಳಗಿದ್ದ ಲೋಟಗಳು ನನಗೇ ಹೊಸದಾಗಿ ಕಂಡವು.

ಯಾರು ಒಡೆದದ್ದು ಎಂದೆ. ಅವರು ಸೂರು ನೋಡಿದರು. ನಡುವಿನವಳು ಕೈಯಲ್ಲಿ ಬಾಲ್ ಹಿಡಿದು ನಿಂತಿದ್ದಳು. ಒಂಬತ್ತು ವರ್ಷ, ಗೋಡೆಯ ಹಾಗೆ ಬಾಯಿಬಿಡದ ಮಗು. ನನಗೂ ದಿನವಿಡೀ ಒಗೆದು ಸೊಂಟ ಬಿದ್ದುಹೋಗಿತ್ತು. ಬೆನ್ನಿಗೆ ಎರಡು ಬಾರಿಸಿದೆ. ಅವಳು ಅಳಲಿಲ್ಲ. ಅಪ್ಪನ ಮುಖ ನೋಡಿದಳು ಅಷ್ಟೆ. ಅಪ್ಪ ಕೈ ತೊಳೆಯಲು ಹೋದರು. ಬಹಳ ಹೊತ್ತು ತೊಳೆದರು.

ಊಟಕ್ಕೆ ಕೂತೆವು. ಅವರು ಮೊದಲ ತುತ್ತು ಎತ್ತಿದರು. ಸೀಟಿ.

ಚಿಕ್ಕವಳು ಎದ್ದು ನಿಂತಿದ್ದಳು. ಕೆಂಪು ಕಾರ್ಡನ್ನು ಅಪ್ಪನ ಮೂಗಿನ ಮುಂದೆ ಹಿಡಿದಿದ್ದಳು.

"ಯಾಕಮ್ಮಾ?"

"ಗೋಲ್ ಹೆಂಗೆ ಹೊಡೆದ್ರು ಅಂತ ತೋರಿಸ್ತೀನಿ ಅಂತ ಬಾಲ್ ಒದ್ದಿದ್ದು ನೀನು. ಅಮ್ಮ ಬರೋ ಸದ್ದು ಕೇಳಿ ಅಕ್ಕನ ಕೈಗೆ ಕೊಟ್ಟಿದ್ದು ನೀನು. ಪೆಟ್ಟು ತಿಂದಿದ್ದು ಅಕ್ಕ."

ನನ್ನ ಅಂಗೈ ಉರಿಯಿತು. ಅವರು ತುತ್ತನ್ನು ತಟ್ಟೆಗೆ ಇಳಿಸಿದರು. ತಟ್ಟೆ ತಗೊಂಡು ಹೋಗಲಾ ಎಂದು ಕೇಳಿದರು. ತಟ್ಟೆ ಇಲ್ಲೇ ಇರಲಿ ಎಂದಳು. ಎದ್ದು ಹೋಗಿ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತರು. ದರ್ಜಿ ತನ್ನ ಬಾಗಿಲಿನಿಂದ ಇಣುಕಿ, ಏನಣ್ಣಾ ಎಂಜಲು ಕೈಯಲ್ಲಿ ಹೊರಗೆ ಎಂದ. ಕೆಂಪು ಕಾರ್ಡು ಎಂದರು.

"ನಿಮ್ಮನೆ ವಾಸಿ ಬಿಡಣ್ಣ. ನಮ್ಮನೇಲಿ ಕಾರ್ಡ್ ತೋರಿಸದೇನೇ ಹೊರಗೆ ಹಾಕ್ತಾರೆ."

ಸ್ವಲ್ಪ ಹೊತ್ತಿಗೆ ಒಳಗೆ ಬಂದು ತಣ್ಣಗಾದ ಊಟ ಮಾಡಿದರು. ನಡುವಿನವಳಿಗೆ ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ದೊಡ್ಡವಳೇ ಲೆಕ್ಕ ಹಾಕಿ ಹೇಳಿದ್ದು. ಮುಂದಿನ ಪಂದ್ಯ ಅಂದರೆ ಫೈನಲ್, ಅಪ್ಪ ನೋಡೋ ಹಾಗಿಲ್ಲ. ಅವಳ ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ. ಅವರು ಲೋಟ ಕೆಳಗಿಟ್ಟರು. ಆ ಮುಖ ನಾನು ಮರೆಯುವುದಿಲ್ಲ. ಸಾಲ ಕೊಟ್ಟವನು ಸತ್ತ ಸುದ್ದಿ ಬಂದರೂ ಅಷ್ಟು ಬಿಳುಚುತ್ತಿರಲಿಲ್ಲ. ಅದಕ್ಕಂತೂ ಅವರು ನಗುತ್ತಿದ್ದರು.

ಶುಕ್ರವಾರ ಚಿಕ್ಕವಳಿಗೆ ಹೊಸ ಕ್ಲಿಪ್ಪು ಬಂತು. ಸ್ಕೂಲಿಗೆ ಹೆಗಲ ಮೇಲೆ ಸವಾರಿ. ಮನೆಗೆ ಬರುವಾಗಲೂ ಹೆಗಲ ಮೇಲೆ. ಅವಳು ಕ್ಲಿಪ್ಪು ಹಾಕಿಕೊಂಡಳು, ಹೆಗಲ ಮೇಲೂ ಕೂತಳು. ಕಾರ್ಡಿನ ಮಾತು ಬಂದಾಗ, ವಾಪಸ್ ತಗೊಂಡರೆ ಮೂರು ಕಾಸಿಗೆ ಬಾಳಲ್ಲ ಎಂದಳು. ಅವರು ನನ್ನ ಹತ್ತಿರ ಬಂದರು. ಇವಳೇ, ನೀನಾದ್ರೂ ಒಂದು ಮಾತು ಹೇಳು ಎಂದರು. ನಾನು ಮಾಡಿದ ಕಾನೂನಲ್ಲ ರೀ ಎಂದೆ.

ಶನಿವಾರ ತಲೆ ಓಡಿಸಿದರು. ಬೀದಿಯ ಮಕ್ಕಳನ್ನೆಲ್ಲ ಸೇರಿಸಿ, ಅರ್ಧ ಜನಕ್ಕೆ ಹಸಿರು ಬಟ್ಟೆ ಕಟ್ಟಿ ಒಂದು ಪಂದ್ಯ ಇಡಿಸಿದರು. ತಾವು ಅಂಗಡಿಯ ಹಿಂದೆ ಗೋಡೆಗೆ ಮುಖ ಮಾಡಿ ಕೂತರು. ಪಂದ್ಯ ಮುಗಿದ ಮೇಲೆ ಬಂದು, ನೋಡಮ್ಮಾ, ಮುಂದಿನ ಪಂದ್ಯ ನಾನು ನೋಡಲಿಲ್ಲ, ಶಿಕ್ಷೆ ಮುಗೀತು ಎಂದರು. ಚಿಕ್ಕವಳು ಒಂದೇ ಪ್ರಶ್ನೆ ಕೇಳಿದಳು. ಅದು ಟಿವಿಯಲ್ಲಿ ಬಂತಾ? ಬರಲಿಲ್ಲ. ಆ ಪಂದ್ಯದಲ್ಲಿ ದರ್ಜಿಯ ಕಿಟಕಿ ಒಡೆದಿತ್ತು. ಇಡಿಸಿದವರು ಇವರೇ ಆದ್ದರಿಂದ ಪುಕ್ಕಟೆ ಹಾಕಿಕೊಡಬೇಕಾಯಿತು.

ಭಾನುವಾರ ಮಧ್ಯಾಹ್ನ ಹೋಗಿ ಮೆಟ್ಟಿಲ ಮೇಲೆ ಕೂತರು. ಹಸಿರು ಅಂಗಿ ಹಾಕಿಕೊಂಡೇ ಕೂತರು. ಸೆಕೆಗೆ ಬಾಗಿಲು ತೆರೆದಿತ್ತು. ಅಲ್ಲಿಂದ ಟಿವಿಯ ಬೆನ್ನೂ ಕಾಣುವುದಿಲ್ಲ. ಬಾಗಿಲ ಎದುರಿಗೆ, ಒಳಗಿನ ಗೋಡೆಗೆ ಒರಗಿಸಿ ಒಂದು ದೊಡ್ಡ ಕನ್ನಡಿ ಇತ್ತು. ಇದೇನು ರೀ ಎಂದರೆ, ಗಿರಾಕಿದು, ಸಂಜೆ ಕೊಡಬೇಕು ಎಂದರು. ಗಿರಾಕಿ ಎಂದು ನಾನೂ ನಂಬಿದೆ.

ಪಂದ್ಯ ಶುರುವಾಗಿ ಕಾಲು ಗಂಟೆಯಾಗಿತ್ತು. ಹೊರಗಿನಿಂದ ದನಿ ಬಂತು. ಎಡಕ್ಕೆ ಕೊಡೋ, ಎಡಕ್ಕೆ. ಟಿವಿಯಲ್ಲಿ ನಮ್ಮ ಆಟಗಾರ ಖಾಲಿ ನಿಂತದ್ದು ಬಲಕ್ಕೆ. ಹುಡುಗಿಯರು ಮೂವರೂ ತಿರುಗಿ ನೋಡಿದರು. ಕನ್ನಡಿಯಲ್ಲಿ ನಮ್ಮ ಟಿವಿ ಇಡಿಯಾಗಿ ಕಾಣುತ್ತಿತ್ತು, ಎಡ ಬಲಕ್ಕೆ, ಬಲ ಎಡಕ್ಕೆ. ಚಿಕ್ಕವಳು ಸೀಟಿ ಊದಲಿಲ್ಲ. ಹಾಸಿಗೆಯ ಮೇಲಿನ ಹೊದಿಕೆ ಎಳೆದುಕೊಂಡು ಹೋಗಿ ಕನ್ನಡಿಯ ಮೇಲೆ ಹಾಕಿದಳು. ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಹೋದೆ.

ಬರುವಷ್ಟರಲ್ಲಿ ನಡುವಿನವಳು ಟಿವಿ ಮುಂದೆ ಇರಲಿಲ್ಲ. ಹೊರಗೆ ಅಪ್ಪನ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಅವಳಿಗೂ ಆ ಫೈನಲ್ ಬೇಕಿತ್ತು. ಒಳಗೆ ಹೋಗಿ ನೋಡು ಎಂದು ಅವರು ಗದರಿದ್ದು ಕೇಳಿತು. ಅವಳು ಏಳಲಿಲ್ಲ. ಅವರು ಅವಳ ಕಡೆ ತಿರುಗಿ ಕೇಳಿದರು.

"ಅವತ್ತು ನೋವಾಯ್ತಾ?"

"ಆಯ್ತು."

"ನಾನು ಅಂತ ಹೇಳಬೇಕಿತ್ತು."

"ಹೂಂ."

"ತಪ್ಪಾಯ್ತು ಮಗಳೇ."

ನಾನು ಬಾಗಿಲ ಮರೆಯಲ್ಲಿದ್ದೆ. ಹೊಡೆದವಳು ನಾನು, ಕೇಳದೆ ಹೊಡೆದವಳು. ನಾನೂ ಹೊರಗೆ ಹೋಗಿ ಅವಳ ಇನ್ನೊಂದು ಪಕ್ಕ ಕೂತೆ. ಬೆನ್ನು ಸವರಿದೆ. ಕಚಗುಳಿ ಆಗುತ್ತೆ, ಬಿಡಮ್ಮಾ ಎಂದಳು.

ಚಿಕ್ಕವಳಿಗೆ ಇದೆಲ್ಲ ಕೇಳಿಸಿತ್ತು. ಇನ್ನು ಕಾರ್ಡು ವಾಪಸ್ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ. ಎಲ್ಲಿ. ಅಪ್ಪನ ಮಗಳು. ಹೊಸ್ತಿಲ ಮೇಲೆ ಬಂದು ಕೂತಳು. ಮುಖ ಟಿವಿಗೆ, ಬೆನ್ನು ನಮಗೆ. ಅಪ್ಪ ನೋಡೋ ಹಾಗಿಲ್ಲ, ಕೇಳಬಹುದು ಎಂದಳು. ಹೇಳಲು ಶುರುಮಾಡಿದಳು.

"ಹಸಿರಿನವರು ಓಡ್ತಿದಾರೆ. ಎಲ್ರೂ ಓಡ್ತಿದಾರೆ. ಒಬ್ರು ಬಿದ್ರು. ಎದ್ರು. ಉಗುಳಿದ್ರು."

"ಬಾಲ್ ಎಲ್ಲಿದೆ?"

"ಹುಲ್ಲಿನ ಮೇಲೆ."

ಹೀಗೆ ಒಂದು ಗಂಟೆ. ಅವರು ತಲೆ ಮೇಲೆ ಕೈ ಹೊತ್ತು ಕೇಳಿದರು. ಹದಿನಾಲ್ಕು ವರ್ಷ ಕಾದ ಫೈನಲ್‌ನಲ್ಲಿ ಯಾರ ಲೇಸು ಬಿಚ್ಚಿತ್ತು, ಯಾರ ಕೂದಲು ಉದ್ದ ಎಂದೆಲ್ಲ ತಿಳಿಯಿತು. ಕೊನೆಯ ಹೊತ್ತಿಗೆ ದೊಡ್ಡವಳು ಒಳಗೆ ಕಿರುಚಿದಳು. ಅವರು ಎದ್ದು ನಿಂತರು, ಹೊಸ್ತಿಲು ಮಾತ್ರ ದಾಟಲಿಲ್ಲ.

"ಬಾಲ್ ಬಲೆ ಒಳಗೆ ಹೋಯ್ತು ಅಪ್ಪ."

"ಯಾವ ಬಲೆ?"

"ಕಪಾಟಿನ ಕಡೆ ಇರೋ ಬಲೆ."

ಕಪಾಟಿನ ಕಡೆ ಎಂದರೆ ಯಾರದ್ದು ಎಂದು ಬಿಡಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮವರು ಗೆದ್ದಿದ್ದರು. ನಡುವಿನವಳನ್ನು ಎತ್ತಿಕೊಂಡು ಮೆಟ್ಟಿಲ ಮೇಲೆಯೇ ಕುಣಿದರು. ಆ ಕುಣಿತಕ್ಕೆ ಒಳಗೆ ಹೊದಿಕೆ ಹೊದ್ದ ಕನ್ನಡಿ ಜಾರಿತು, ಉಳಿದದ್ದು ದೊಡ್ಡವಳು ಓಡಿಹೋಗಿ ಹಿಡಿದದ್ದರಿಂದ.

ಮಾರನೆಯ ದಿನ ಟಿವಿಯಲ್ಲಿ ಆ ಪಂದ್ಯ ಮತ್ತೆ ಹಾಕಿದರು. ಈಗ ನೋಡಬಹುದು ಅಪ್ಪ ಎಂದಳು ಚಿಕ್ಕವಳು. ನೋಡಿಯಾಯ್ತಲ್ಲಮ್ಮಾ ಎಂದು ಅಂಗಡಿಗೆ ಹೋದರು. ಆಮೇಲೂ ನೋಡಲಿಲ್ಲ. ಗಿರಾಕಿಗಳು ಫೈನಲ್ ಮಾತೆತ್ತಿದರೆ, ಗೋಲು ಕಪಾಟಿನ ಕಡೆ ಬಲೆಗೆ ಬಿತ್ತು ಎನ್ನುತ್ತಿದ್ದರು. ಗಿರಾಕಿಗಳು ತಲೆ ಕೆರೆದುಕೊಳ್ಳುತ್ತಿದ್ದರು.

ಮೂರು ವರ್ಷ ಆದ ಮೇಲೆ ಅಂಗಡಿಯಲ್ಲೇ ತೀರಿಹೋದರು. ಮೇಜಿನ ಮೇಲೆ ಗಾಜು ಇತ್ತು. ಕತ್ತರಿಸಲು ಗೆರೆ ಎಳೆದಿದ್ದರು, ಇನ್ನೂ ಮುರಿದಿರಲಿಲ್ಲ. ಆ ಗಾಜು ಯಾರ ಕಿಟಕಿಗೆ ಎಂದು ನನಗೆ ಗೊತ್ತಿಲ್ಲ. ಕೇಳಿಕೊಂಡು ಯಾರೂ ಬರಲಿಲ್ಲ.

ಈಗಲೂ ಹಸಿರು ತಂಡದ ಪಂದ್ಯವಿದ್ದರೆ ಹುಡುಗಿಯರು ಟಿವಿ ಮುಂದೆ ಕೂರುತ್ತಾರೆ. ಚಿಕ್ಕವಳು ಹೊಸ್ತಿಲ ಮೇಲೆ. ಮುಖ ಟಿವಿಗೆ, ಬೆನ್ನು ಮೆಟ್ಟಿಲಿಗೆ. ಅವಳಿಗೀಗ ಒಂಬತ್ತು ವರ್ಷ ಮುಗಿದಿದೆ, ಆಟದ ಒಳಗುಟ್ಟೆಲ್ಲ ಗೊತ್ತು. ಆದರೂ ಓಡ್ತಿದಾರೆ, ಬಿದ್ರು, ಉಗುಳಿದ್ರು ಎಂದೇ ಹೇಳುತ್ತಾಳೆ. ದೊಡ್ಡವಳು ಸುಮ್ಮನಿರೇ ಎಂದು ಒಂದು ಸಲ ಗದರಿದಳು. ಹೇಳಲಿ ಬಿಡು ಎಂದೆ.

ಅದಕ್ಕೆ ಬಾಗಿಲು ತೆರೆದೇ ಇರಬೇಕು. ಸೊಳ್ಳೆ ಬರುತ್ತವೆ. ಬರಲಿ.