ಅವರು ನಡೆದು ತೋರಿಸಿದ ದಿನ

ಸೌಟು ಜಾರಿತು. ಮೊದಲ ಸೂಚನೆ ಅದೇ.

ನನ್ನ ಗಂಡ ಚೆನ್ನೈನ ರಾಯಪುರಂನಲ್ಲಿ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷ ದೋಸೆ ಹುಯ್ದವರು. ಕೆಲವೇ ವಾರಗಳಲ್ಲಿ ಚಪ್ಪಲಿಯೂ ಕಾಲಿನಿಂದ ಕಳಚಿಕೊಳ್ಳತೊಡಗಿತು. ಪೋರೂರಿನ ಆಸ್ಪತ್ರೆಯಲ್ಲಿ ನರಗಳ ಟೆಸ್ಟ್ ಮಾಡಿದ ಡಾಕ್ಟರು ಮೋಟಾರ್ ನ್ಯೂರಾನ್ ಡಿಸೀಸ್ ಎಂದರು. ಗುಣವಾಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ ಎಂದರು.

ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಎತ್ತರದ ಹೊಸ್ತಿಲು, ಕಿರಿದಾದ ಬಾಗಿಲು. ಎರಡು ಸಲ ಅಲ್ಲೇ ಬಿದ್ದರು. ಬಾಗಿಲು ಅಗಲ ಮಾಡಿ, ಹೊಸ್ತಿಲು ತೆಗೆಸಿ, ಗೋಡೆಗೆ ಹಿಡಿಕೆ ಹಾಕಿಸಲು ಸರ್ಕಾರದ ನೆರವು ಸಿಗುತ್ತದೆಂದು ಫಿಸಿಯೋಥೆರಪಿಸ್ಟ್ ಹೇಳಿದರು. ಓನರ್ ಒಪ್ಪಿಗೆ ಪತ್ರ ಕೊಟ್ಟರು. ಅರ್ಜಿ ಹಾಕಿದೆ.

ಮನೆ ನೋಡಲು ಅಧಿಕಾರಿಯೊಬ್ಬರು ಬಂದರು. ಇವರು ಬೆಳಗ್ಗೆಯೇ ಕಷ್ಟಪಟ್ಟು ತಾವೇ ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು.

“ಸಾರ್, ಬಾತ್‌ರೂಮ್ ಪೋಯ್ ಕಾಟ್ಟುಂಗ,” ಹೋಗಿ ತೋರಿಸಿ ಎಂದರು ಅಧಿಕಾರಿ.

ಇವರು ಗೋಡೆ ಹಿಡಿದು ಎದ್ದರು. ಹಲ್ಲು ಕಚ್ಚಿ ನಡೆದರು. ಹೊಸ್ತಿಲನ್ನೂ ದಾಟಿದರು. ತಿರುಗಿ ನಿಂತು ನಕ್ಕರು.

ಸ್ವತಃ ನಡೆಯಬಲ್ಲರು ಎಂದು ಅರ್ಜಿ ತಿರಸ್ಕೃತವಾಯಿತು.

“ಯಾಕೆ ಹಾಗೆ ಮಾಡಿದ್ರಿ?” ಎಂದು ಕೂಗಾಡಿದೆ.

“ಹೊರಗಿನವರ ಎದುರು ಬೀಳುದು ಹೇಗೆ ಮಾರಾಯ್ತಿ?”

ಹಾಗೆ ಕೂಗಾಡಬಾರದಿತ್ತು. ಕಾಯಿಲೆ ಒಂದೊಂದನ್ನೇ ಕಿತ್ತುಕೊಳ್ಳುತ್ತಿರುವಾಗ ಮಾನ ಒಂದನ್ನು ಉಳಿಸಿಕೊಂಡಿದ್ದ ಮನುಷ್ಯನಿಗೆ, ಅದನ್ನೂ ಬಿಟ್ಟರೆ ಮಾತ್ರ ಬಾಗಿಲು ಅಗಲವಾಗುತ್ತದೆ ಎಂದು ಹೇಳಬೇಕಾದವಳು ನಾನಾಗಿದ್ದೆ.

ಮತ್ತೆ ಅರ್ಜಿ ಹಾಕಿದೆ. ಅದೇ ಅಧಿಕಾರಿ ಬಂದಾಗ ಇವರಿಗೆ ಮಂಚದಿಂದ ಏಳಲಾಗುತ್ತಿರಲಿಲ್ಲ. ಅಧಿಕಾರಿ ತಾವೇ ಟೇಪು ಹಿಡಿದು ಬಾಗಿಲು ಅಳೆದರು. ಹೋಗುವಾಗ ಇವರ ಕೈ ಮುಟ್ಟಿ “ಸಾರಿ ಸಾರ್” ಎಂದರು.

ಹಣ ಮಂಜೂರಾಗಿ ಕೆಲಸ ಮುಗಿಯಲು ತಿಂಗಳುಗಳೇ ಹಿಡಿದವು. ಗೋಡೆಗೆ ಹೊಸ ಸ್ಟೀಲ್ ಹಿಡಿಕೆ ಬಂತು.

ಅದನ್ನು ಹಿಡಿಯಲು ಇವರ ಬೆರಳು ಮಡಚಿಕೊಳ್ಳುತ್ತಿರಲಿಲ್ಲ.

ಆದರೂ ವೀಲ್‌ಚೇರ್ ಒಳಗೆ ಹೋಯಿತು. ಅಷ್ಟು ದಿನ ಹಾಲ್‌ನಲ್ಲೇ, ಮಗಳನ್ನು ಹೊರಗೆ ಕಳಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದೆ. ಅಂದು ಬಾಗಿಲು ಹಾಕಿಕೊಂಡು ತಲೆಗೆ ಬಿಸಿನೀರು ಹುಯ್ದೆ. ಇವರು ಕಣ್ಣು ಮುಚ್ಚಿದ್ದರು.

“ಸಾಕಾ?” ಎಂದೆ.

ಮಾತು ತೊದಲುತ್ತಿತ್ತು. “ಇನ್ನೊಂದು ಚೊಂಬು ಹಾಕು.”

ಕಾಯಿಲೆ ಬಂದ ಮೇಲೆ ಬಾಯಿಬಿಟ್ಟು ಅವರು ಕೇಳಿದ್ದು ಅದೊಂದೇ. ಬಕೆಟ್ಟು ಖಾಲಿಯಾಗುವವರೆಗೂ ಹಾಕಿದೆ.